ಎರಡು ತಿಂಗಳ ಬೇರು

ವಾಡಿಯ ಸಿಮೆಂಟ್ ಕಾಲೊನಿಯಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಇದ್ದ ಗೋಡೆ ನನ್ನ ಗದ್ದದವರೆಗೆ ಬರುತ್ತಿತ್ತು. ಒಣಗಿದ ಬಟ್ಟೆ ತೆಗೆಯುವ ನೆವ ಮಾಡಿಕೊಂಡು ನಿಂತರೆ ಆ ಕಡೆಯದೆಲ್ಲ ಕಾಣುತ್ತಿತ್ತು: ನೀರಿನ ತೊಟ್ಟಿ, ಕೋಳಿಯ ಬುಟ್ಟಿ, ಬೇವಿನ ಮರದ ಕೆಳಗಿನ ಟೊಂಗೆಗೆ ತಂತಿಯಿಂದ ಕಟ್ಟಿ ತೂಗಬಿಟ್ಟ ಬಾಯಿ ಒಡೆದ ಗಡಿಗೆ. ಆ ಗಡಿಗೆಯನ್ನು ನಾನು ನೋಡಿದಷ್ಟು ಸಲ ಅದರ ಒಡತಿಯೂ ನೋಡಿರಲಿಕ್ಕಿಲ್ಲ.

ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾದ ಹೊಸತು. ನಮ್ಮವರು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದರು. ಪಕ್ಕದ ಮನೆಯವರು ಕಲ್ಲುಗಣಿಯಲ್ಲಿ ಸುಪರ್‌ವೈಸರ್. ಅವರ ಹೆಂಡತಿಯನ್ನು ನಾನು ಭಾಭಿ ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರಾದರೂ. ಅವರು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಅವರ ತವರು ಚಿಂಚೋಳಿ, ನನ್ನದು ಸೇಡಂ. ಅವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಸಿಕಂದರಾಬಾದಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಮೆಟ್ರಿಕ್ ಮುಗಿಸಿದವಳು. ಈ ವ್ಯತ್ಯಾಸವನ್ನು ಅವರು ಒಮ್ಮೆಯೂ ಮರೆಯಲಿಲ್ಲ, ನಾನು ಮರೆಯಲು ಬಿಡಲೂ ಇಲ್ಲ. ಸೋಡಾ ಪುಡಿಯ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆ, ಮಗುವಿನ ಟಾನಿಕ್ ಎಷ್ಟು ಚಮಚ, ಎಲ್ಲದಕ್ಕೂ ಗೋಡೆಯ ಆಚೆಯಿಂದ "ಅಕ್ಕಾ, ಜರಾ ಓದಿ ಹೇಳ್ರಿ" ಎಂಬ ದನಿ ಬರುತ್ತಿತ್ತು. ನಾನು ಕೈ ಒರೆಸಿಕೊಂಡು ಹೋಗಿ ಓದಿ ಹೇಳುತ್ತಿದ್ದೆ. ನನಗೆ ಅದು ಇಷ್ಟವಾಗುತ್ತಿತ್ತು.

ಒಂದು ಮಳೆಗಾಲದ ಆರಂಭದಲ್ಲಿ ಅವರ ಅಣ್ಣ ಚಿಂಚೋಳಿಯಿಂದ ಬಂದ. ಆತ ಅಲ್ಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದ. ಗಾಳಿಗೆ ಮುರಿದುಬಿದ್ದ ಮಾವಿನ ಟೊಂಗೆಯ ಮೇಲಿದ್ದ ಗಿಡವೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದ.

"ಅಕ್ಕಾ, ಹೊರಗ ಬರ್ರಿ. ಇದೇನಂತ ನೋಡ್ರಿ. ನಮ್ಮ ಅಮ್ಮಿ ಇದರ ಬೇರು ಅರದು ಮೊಣಕಾಲಿಗಿ ಹಚ್ಕೋತಾಳ. ನಾವು ಬದನಿಕಿ ಅಂತೀವಿ" ಎಂದು ಭಾಭಿ ಕರೆದರು.

ದಪ್ಪ ಪಟ್ಟಿಯಂಥ ಎಲೆಗಳು ಎರಡು ಕಡೆಗೆ ಸಾಲಾಗಿ ಹೊರಟಿದ್ದವು. ಬೂದು ಬಣ್ಣದ, ಪೆನ್ಸಿಲಿನಷ್ಟು ದಪ್ಪದ ಬೇರುಗಳು, ತುದಿಯಲ್ಲಿ ಮಾತ್ರ ಹಸಿರು. ಮುಟ್ಟಿದ ಕೂಡಲೇ ಗುರುತು ಸಿಕ್ಕಿತು. ಕಾನ್ವೆಂಟಿನ ವರಾಂಡದಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಮುದುಕಿ ಸಿಸ್ಟರ್ ಇಂಥವನ್ನೇ ಮರದ ಬುಟ್ಟಿಗಳಲ್ಲಿ ತೂಗುಹಾಕಿದ್ದರು. ಅವಕ್ಕೆ ನೀರು ಚಿಮುಕಿಸುವ ಕೆಲಸ ಒಂದು ವರ್ಷ ನನ್ನದಾಗಿತ್ತು.

"ಭಾಭಿ, ಇದು ಬದನಿಕಿ ಅಲ್ಲರಿ, ಆರ್ಕಿಡ್! ಬದನಿಕಿ ಮರದ ರಸ ಕುಡೀತದ. ಇದು ಸುಮ್ಮನ ಮರದ ಮ್ಯಾಲ ಕುಂತಿರ್ತದ, ಅಷ್ಟೆ. ದೊಡ್ಡ ದೊಡ್ಡ ಊರಾಗ ರೊಕ್ಕ ಕೊಟ್ಟು ತಗೋತಾರ."

"ಅಯ್ಯ, ಖರೇನ್ರಿ? ಹಂಗಾದ್ರ ನಿಮಗೊಂದು ನನಗೊಂದು." ಅವರು ಒಳಗಿನಿಂದ ಮಾಂಸ ಕತ್ತರಿಸುವ ಚಾಕು ತಂದು, ಬೂದಿಯಿಂದ ಉಜ್ಜಿ ತೊಳೆದು, ನನ್ನ ಮುಖ ನೋಡಿ ಮತ್ತೊಮ್ಮೆ ತೊಳೆದು, ಗಿಡವನ್ನು ಎರಡು ಭಾಗ ಮಾಡಿದರು. "ನಿಮಗ ಯಾವ್ದು ಬೇಕು ತಗೋರಿ."

ಒಂದಕ್ಕೆ ಒಂಬತ್ತು ಬೇರು, ಇನ್ನೊಂದಕ್ಕೆ ಐದು. ನಾನು ಒಂಬತ್ತರದ್ದನ್ನು ತೆಗೆದುಕೊಂಡೆ.

ಗಿಡವನ್ನು ಯಾವುದರಲ್ಲಿ ಕೂರಿಸಬೇಕು ಎಂಬುದನ್ನು ನಾನು ಮೂರು ದಿನ ಯೋಚಿಸಿದೆ. ನಮ್ಮ ಕಡೆಯ ಎರೆಮಣ್ಣು ಸಾಧ್ಯವೇ ಇರಲಿಲ್ಲ. ಮಳೆಗೆ ಅಂಟಾಗಿ, ಬಿಸಿಲಿಗೆ ಬಿರುಕು ಬಿಟ್ಟು, ಬೇರನ್ನು ಮೊದಲು ಮುಳುಗಿಸಿ ಆಮೇಲೆ ಹರಿದುಹಾಕುವ ಮಣ್ಣು ಅದು. ಸಿಸ್ಟರ್ ಹೇಳುತ್ತಿದ್ದುದು ನೆನಪಿತ್ತು. ಈ ಗಿಡದ ಬೇರಿಗೆ ಮಣ್ಣು ಬೇಡ, ಹಿಡಿದುಕೊಳ್ಳಲು ಏನಾದರೂ ಬೇಕು, ಸುತ್ತ ಗಾಳಿ ಆಡಬೇಕು, ನೀರು ಬಂದದ್ದು ಬಂದಂತೆ ಹೋಗಬೇಕು. ಅವರು ಜರಿಗಿಡದ ಬೇರಿನ ಗಂಟುಗಳನ್ನು ಬೆಟ್ಟದ ಸೀಮೆಯಿಂದ ತರಿಸಿ ತುಂಬುತ್ತಿದ್ದರು. ಮೇಲೆ ಹೊಳೆಯ ಬಿಳಿ ಹರಳುಗಳ ಒಂದು ಪದರ. ಕಿಟಕಿಯ ಬೆಳಕಿನಲ್ಲಿ ಒದ್ದೆ ಹರಳು ಹೊಳೆಯುವುದು, ಅದರ ಮೇಲೆ ಹಸಿರು ಎಲೆ, ಎಲ್ಲ ನನ್ನ ಕಣ್ಣಲ್ಲಿ ಹಾಗೇ ಉಳಿದಿತ್ತು. ಜರಿಗಿಡ ವಾಡಿಯಲ್ಲಿ ಎಲ್ಲಿಯದು? ಆದರೆ ಹರಳಿಗೇನು ಕೊರತೆ?

ಆ ತಿಂಗಳು ಅಡುಗೆಮನೆಯ ಕಟ್ಟೆಗೆ ಹಾಸುವ ಫರಸಿ ಕಲ್ಲು ನೋಡಲು ನಾನೂ ನಮ್ಮವರೂ ಶಹಾಬಾದಿಗೆ ಹೋಗುವುದಿತ್ತು. ಪಾಲಿಶ್ ಮಾಡುವ ಅಂಗಳದ ಮೂಲೆಯಲ್ಲಿ ಕಲ್ಲು ಕತ್ತರಿಸುವಾಗ ಸಿಡಿದ ಚೂರುಗಳು ಗುಡ್ಡೆ ಬಿದ್ದಿದ್ದವು. ನೀಲಿ ಬೂದು ಬಣ್ಣದವು, ಕೆನೆ ಬಣ್ಣದವು. ನಮ್ಮವರು ಕಲ್ಲಿನ ಅಳತೆ ಮಾತಾಡುತ್ತಿದ್ದಾಗ ನಾನು ಸೀರೆಯ ನೆರಿಗೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ಕೆನೆ ಬಣ್ಣದವನ್ನೇ ಆರಿಸಿದೆ. ಎರಡು ಡಾಲ್ಡಾ ಡಬ್ಬಿ ತುಂಬಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಕೇಳಿದಳು, "ಬಾಯಿ, ಅಕ್ಕಿ ಆರಸಾಕತ್ತೀರೇನು?" ಅವಳ ಜೊತೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ತಂದು ಏಳು ನೀರಿನಲ್ಲಿ ತೊಳೆದೆ. ಚಿತ್ತಾಪುರದ ಸಂತೆಯಲ್ಲಿ ಕೊಂಡ ನೀಲಿ ಗೀರಿನ ಪಿಂಗಾಣಿ ಕುಂಡದಲ್ಲಿ ಗಿಡ ನಿಲ್ಲಿಸಿ, ತಳದಿಂದ ಕಂಠದವರೆಗೆ ಹರಳು ತುಂಬಿ, ಮುಂದಿನ ವರಾಂಡದಲ್ಲಿಟ್ಟೆ. ಕಾಲೊನಿಯ ಹೆಂಗಸರು ನಿಂತು ನೋಡಿಹೋದರು. ಮ್ಯಾನೇಜರ್ ಸಾಹೇಬರ ಹೆಂಡತಿ "ಎಷ್ಟು ನೀಟಾಗಿದೆ" ಎಂದರು.

ಭಾಭಿ ತಮ್ಮದನ್ನು ಕೂರಿಸಿದ್ದನ್ನು ನಾನು ಗೋಡೆಯ ಮೇಲಿಂದ ನೋಡಿದೆ. ಬಾಯಿ ಒಡೆದ ಗಡಿಗೆಗೆ ಮೊಳೆಯಿಂದ ಕುಟ್ಟಿ ಸುತ್ತ ತೂತು ಮಾಡಿದ್ದರು. ಅದರೊಳಗೆ ಒಲೆಯಿಂದ ತೆಗೆದು ನೀರು ಹಾಕಿ ಆರಿಸಿದ ಇದ್ದಿಲು, ಒಡೆದ ಹೆಂಚಿನ ತುಂಡು, ನಡುವೆ ಪಾತ್ರೆ ತಿಕ್ಕುವ ತೆಂಗಿನ ನಾರು.

"ಭಾಭಿ, ಗಿಡ ಹಚ್ಚಾಕತ್ತೀರೋ ಒಲಿ ಹಚ್ಚಾಕತ್ತೀರೋ?"

"ಏನ್ ಮಾಡೂದ್ರಿ ಅಕ್ಕಾ, ಮರದ ತೊಗಟಿ ಹಂಗ ಒರಟ ಇರಬೇಕು ಅಂತ ನಮ್ಮ ಭಾಯಿ ಹೇಳ್ಯಾನ. ನಮ್ಮ ಮನ್ಯಾಗ ಇದ್ಲಿಗಿಂತ ಒರಟು ಅಂದ್ರ ನಮ್ಮ ಅತ್ತಿ ಬಾಯಿ ಒಂದೇ. ಅದನ್ನ ಗಡಿಗ್ಯಾಗ ತುಂಬಾಕ ಬರಂಗಿಲ್ಲ."

ಒಳಗೆ ಹೋಗಿ ನಮ್ಮವರಿಗೆ ಈ ಮಾತು ಹೇಳಿ ನಗಿಸಿದೆ. ಆ ಗಡಿಗೆಯ ಗಿಡ ದೀಪಾವಳಿ ನೋಡುವುದಿಲ್ಲ ಎಂದೂ ಹೇಳಿದೆ.

ಅದು ದೀಪಾವಳಿ ನೋಡಿತು, ಯುಗಾದಿಯನ್ನೂ ನೋಡಿತು. ಬಿಸಿಲು ಏರಿದಾಗ ಎಲೆಯ ಸಂದಿಯಿಂದ ಒಂದು ದಂಟು ಹೊರಬಂತು. ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದವಳಿಗೆ ಮೊದಲು ಪರಿಮಳ ಬಂತು, ಆಮೇಲೆ ಹೂವು ಕಂಡಿತು. ಏಳು ಹೂವು. ಹಳದಿ ಮೇಲೆ ಕಂದು ಗೆರೆಗಳ ಚೌಕಳಿ, ಒಳ್ಳೆಯ ಇಳಕಲ್ ಸೀರೆಯ ಒಡಲಿನ ಹಾಗೆ. ನಡುವೆ ನೇರಳೆ ನಾಲಿಗೆ. ಸಿಮೆಂಟಿನ ಬಿಳಿ ಧೂಳು ಕೂತ ಬೇವಿನ ಮರದ ಕೆಳಗೆ, ಕೋಳಿ ಬುಟ್ಟಿಯ ಮೇಲೆ, ಮಸಿ ಗಡಿಗೆಯಲ್ಲಿ. ಒದ್ದೆ ಲಂಗ ನನ್ನ ಕೈಯಲ್ಲಿ ನೀರಿಳಿಸುತ್ತಲೇ ಇತ್ತು.

"ಅಕ್ಕಾ! ಹೂ ಬಂದಾದ ನೋಡಿದ್ರೇನ್ರಿ?"

"ನೋಡಿದೆ. ಭಾಳ ಛಂದ ಅದ" ಎಂದೆ. ನನ್ನ ದನಿ ಸಿಸ್ಟರಿಗೆ ಗುಡ್ ಮಾರ್ನಿಂಗ್ ಹೇಳುವ ದನಿಯಾಗಿತ್ತು.

ಅವರು ಒಂದು ಹೂವನ್ನು ಚಿವುಟಿ ಗೋಡೆಯ ಮೇಲಿಂದ ಕೊಟ್ಟರು. "ಮೊದಲಿಂದು ನಿಮ್ಮ ದೇವರಿಗಿ ಏರಸ್ರಿ. ನಿಮ್ಮಿಂದನೇ ನನಗ ಇದರ ಬೆಲಿ ತಿಳದದ್ದು." ದೇವರ ಮುಂದೆ ಇಟ್ಟೆ. ಆ ಸಣ್ಣ ಕೋಣೆ ತುಂಬ ಪರಿಮಳ. ಕಣ್ಣು ಮುಚ್ಚಿದರೆ ದೇವರು ಬರಲಿಲ್ಲ, ಗಡಿಗೆ ಬಂತು. ಮಧ್ಯಾಹ್ನವೇ ಆ ಹೂವನ್ನು ನಿರ್ಮಾಲ್ಯದ ಜೊತೆ ತೆಗೆದೆ. ಅದಿನ್ನೂ ಬಾಡಿರಲಿಲ್ಲ.

ಹೂವಿದ್ದ ಆ ಇಪ್ಪತ್ತು ದಿನ ಹೆಂಗಸರು ನಮ್ಮ ವರಾಂಡ ದಾಟಿ ಅವರ ಹಿತ್ತಲಿಗೆ ಹೋದರು. ಮ್ಯಾನೇಜರ್ ಸಾಹೇಬರ ಹೆಂಡತಿ ಕುರ್ಚಿ ಹಾಕಿಸಿಕೊಂಡು ಅಲ್ಲಿ ಕೂತು ಚಹಾ ಕುಡಿದದ್ದು ನನಗೆ ಕಾಣಿಸಿತು. "ಎಲ್ಲಿ ಕಲಿತೆ ಇದನ್ನು?" ಎಂದು ಕೇಳಿದ್ದಕ್ಕೆ ಭಾಭಿ ನಮ್ಮ ಗೋಡೆಯ ಕಡೆ ಕೈ ಮಾಡಿ "ಅಕ್ಕಾರು ಹೇಳಿಕೊಟ್ಟಾರ್ರಿ" ಎಂದರು. ಅವರು ಜಂಬಪಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನನ್ನ ಗಿಡ ಆಗಲೇ ಕೆಟ್ಟಿತ್ತು. ಎಲೆಯ ನರ ಹಸಿರು, ನಡುವೆಲ್ಲ ಹಳದಿ. ಒಂಬತ್ತು ಬೇರುಗಳಲ್ಲಿ ಆರರ ತುದಿ ಸುಟ್ಟ ಕಡ್ಡಿಯಂತೆ ಕಪ್ಪಾಗಿತ್ತು. ಬಿಸಿಲು ಹೆಚ್ಚಾಯಿತೆಂದು ಒಳಗಿಟ್ಟೆ, ಬೆಳಕು ಸಾಲದೆಂದು ಹೊರಗಿಟ್ಟೆ, ಧೂಳು ಕೂತಿತೆಂದು ಹಾಲು ನೀರಿನಲ್ಲಿ ಎಲೆ ಒರೆಸಿದೆ. ಗಿಡ ಬೆಳೆಸುವ ಭಾಭಿಯನ್ನು ಮಾತ್ರ ಕೇಳಲಿಲ್ಲ. ಅವರು ತಾವಾಗಿಯೇ ಬಂದು ನೋಡಿ ಕೆನ್ನೆಗೆ ಕೈ ಹಚ್ಚಿಕೊಂಡರು.

"ನಜರ್ ಹತ್ಯಾದ್ರಿ ಅಕ್ಕಾ. ಮುಂದಿನ ಕಟ್ಟಿ ಮ್ಯಾಲ ಇಟ್ಟೀರಿ, ಹೋಗೋರು ಬರೋರು ಎಲ್ಲಾರ ಕಣ್ಣೂ ಅದರ ಮ್ಯಾಲೇ." ತಮ್ಮ ಮಗುವಿಗೆಂದು ಮಾಡಿಟ್ಟಿದ್ದ ಕಪ್ಪು ದಾರವನ್ನು ತಂದು ನನ್ನ ಕುಂಡದ ಕುತ್ತಿಗೆಗೆ ಕಟ್ಟಿದರು. ಗಂಟು ಹಾಕುವಾಗ ಹಲ್ಲಿನಿಂದ ತುದಿ ಕಚ್ಚಿ ಬಿಗಿ ಮಾಡಿದರು.

ಗಿಡ ಇನ್ನೊಂದು ಮಳೆಗಾಲವನ್ನೂ ಚಳಿಗಾಲವನ್ನೂ ಹೇಗೋ ಕಳೆಯಿತು. ಶಿವರಾತ್ರಿಯ ಹಿಂದಿನ ವಾರ ನಾನು ಹರಳುಗಳನ್ನು ತೆಗೆದು ತೊಳೆಯುತ್ತಿದ್ದೆ. ನಮ್ಮವರು ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಒಂದು ಚೂರು ಉರುಳಿ ಅವರ ತಟ್ಟೆಯ ಹತ್ತಿರ ಹೋಯಿತು. ವರಾಂಡದ ಕುಂಡವನ್ನು ಎಂದೂ ಬಗ್ಗಿ ನೋಡದವರು ಅದನ್ನು ಎತ್ತಿ ನೋಡಿದರು.

"ಇದನ್ನ ಯಾಕ ತೊಳಿಯಾಕತ್ತಿ?"

"ಗಿಡದ ಕುಂಡದ್ದು."

"ಇದರಾಗ ಗಿಡ ಹಚ್ಚೀಯಾ?" ಎಂದವರೇ ತಟ್ಟೆಯಲ್ಲಿದ್ದ ನಿಂಬೆಹೋಳನ್ನು ಆ ಚೂರಿನ ಮೇಲೆ ಹಿಂಡಿದರು. ಸಣ್ಣ ಸಣ್ಣ ಗುಳ್ಳೆ ಎದ್ದವು. "ಕಿವಿ ಇಟ್ಟು ಕೇಳು, ಸುಂಯ್ ಅಂತದ. ಇದು ಸುಣ್ಣದ ಕಲ್ಲವ್ವಾ. ಇದನ್ನೇ ಸುಟ್ಟು ನಾವು ಸಿಮೆಂಟ್ ಮಾಡ್ತೀವಿ. ನೀರು ಬಿದ್ದಾಗೊಮ್ಮೆ ಬೇರಿಗಿ ಸುಣ್ಣ ಕುಡಸಾಕತ್ತೀದಿ. ನಮ್ಮ ನಲ್ಲಿ ನೀರಾಗೂ ಅದೇ ಅದ. ಸಾಲದ್ದಕ್ಕ ಬಿಸಿಲಿಗಿ ಕಾದ ಹೆಂಚಾಗ್ತದ. ಒಂದು ಮಾತು ಕೇಳಿದ್ದರ ಲ್ಯಾಬಿನಾಗ ನೋಡಿ ಹೇಳ್ತಿದ್ದೆ."

ಸಿಸ್ಟರ್ ಹಾಕುತ್ತಿದ್ದ ಹರಳು ಹೊಳೆಯ ಬೆಣಚು ಕಲ್ಲು. ಅದರ ಮೇಲೆ ಎಷ್ಟು ನಿಂಬೆ ಹಿಂಡಿದರೂ ಏನೂ ಆಗದು. ನಾನು ನೋಡಿದ್ದು ಬಿಳುಪನ್ನು ಮಾತ್ರ. ದಿನವಿಡೀ ಇದೇ ಕಲ್ಲಿನ ಪುಡಿ ತೂಗುವವರನ್ನು ಮನೆಯಲ್ಲಿಟ್ಟುಕೊಂಡು, ಕಾನ್ವೆಂಟಿನವಳು ಕೇಳುವುದೇನೆಂದು ಸುಮ್ಮನಿದ್ದೆ.

ಸ್ಟೇಷನ್ ರಸ್ತೆಯ ಇಸ್ತ್ರಿ ಅಂಗಡಿಯಿಂದ ಇದ್ದಿಲು ತರಿಸಿದೆ. ಭಾಭಿ ಮಧ್ಯಾಹ್ನ ಮಲಗುವ ಹೊತ್ತು ನೋಡಿಕೊಂಡು, ಬಚ್ಚಲುಮನೆಯ ಹಿಂದೆ ಕೂತು ಸತ್ತ ಬೇರು ಕತ್ತರಿಸಿ, ಉಳಿದ ಮೂರನ್ನು ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು, ಹಳೆಯ ಬಿದಿರು ಬುಟ್ಟಿಯಲ್ಲಿ ಇದ್ದಿಲು, ಇಟ್ಟಿಗೆ ಚೂರು, ನಾರು ಹಾಕಿ ಕೂರಿಸಿದೆ. ಅಚ್ಚು ಅವರ ಗಡಿಗೆಯ ಹಾಗೆ. ಬುಟ್ಟಿಯನ್ನು ಬಚ್ಚಲ ಹಿಂದಿನ ಮೊಳೆಗೇ ತೂಗುಹಾಕಿದೆ, ಗೋಡೆಯ ಆಚೆಗೆ ಕಾಣದಂತೆ. ಪಿಂಗಾಣಿ ಕುಂಡ ಹರಳಿನ ಸಮೇತ ವರಾಂಡದಲ್ಲೇ ಉಳಿಯಿತು. ಅದರಲ್ಲಿ ಮನಿಪ್ಲಾಂಟಿನ ಕುಡಿಯೊಂದನ್ನು ಚುಚ್ಚಿದೆ.

ಹತ್ತು ದಿನ ಕಳೆದಿರಬಹುದು. ಭಾಭಿ ವರಾಂಡಕ್ಕೆ ಬಂದು ಕುಂಡದ ಮುಂದೆ ಕೂತರು. ಅವರ ಜೊತೆಯಲ್ಲೇ ಇದ್ದ ನಾದಿನಿಗೆ ಶಹಾಬಾದಿನ ಒಂದು ಮನೆತನದಿಂದ ಮಾತು ಬಂದಿತ್ತು. ಬೇಸಿಗೆಯಲ್ಲಿ ಹುಡುಗಿ ನೋಡಲು ಬರುವವರಿದ್ದರು.

"ಆ ಹೊತ್ತಿಗಿ ನನ್ನ ಗಿಡ ಹೂ ಬಿಡ್ತದ ನೋಡ್ರಿ. ಮುಂದ ಬಾಗಲದಾಗ ಇಡಬೇಕಂತ ಆಸೆ. ಆದ್ರ ಆ ಮಸಿ ಗಡಿಗಿ ಇಟ್ರ ಮೆಹಮಾನರು ಏನಂದಾರು? ಕಲ್ಲಿನ ಊರಿನ ಮಂದಿ ಅವರು. ನಿಮ್ಮ ಹಂಗ ಈ ಹರಳು ಹಾಕಿದ್ರ ಎಷ್ಟು ಛಂದ ಕಾಣ್ತದ! ನಿಮ್ಮ ಗಿಡ ಎಲ್ಲಿ ಅಕ್ಕಾ?"

"ಒಳಗ ಇಟ್ಟೀನಿ. ಅದರಾಗ ಜೀವ ಇಲ್ಲ."

"ಪಾಪ, ನಜರ್ ಇಳೀಲಿಲ್ಲ." ಸ್ವಲ್ಪ ಹೊತ್ತು ಹರಳನ್ನು ಬೆರಳಿಂದ ಆಡಿಸಿದರು. ಆಮೇಲೆ ನೇರವಾಗಿ ಕೇಳಿದರು: "ಹರಳು ಹಾಕಿದ್ರ ಗಿಡಕ್ಕ ಏನಾರ ಆಗ್ತದೇನ್ರಿ?"

ಅವರ ಬೆರಳ ಉಗುರಿನಲ್ಲಿ ಇದ್ದಿಲ ಕಪ್ಪು ಇತ್ತು. ಅದನ್ನು ನೋಡುತ್ತ ಹೇಳಿದೆ, "ಏನಾಗ್ತದ್ರಿ? ಕಲ್ಲು ಏನ್ ಮಾಡ್ತದ?"

ತೆರೆಯದೆ ಇಟ್ಟಿದ್ದ ಎರಡನೆಯ ಡಾಲ್ಡಾ ಡಬ್ಬಿಯನ್ನು ನಾನೇ ಒಳಗಿನಿಂದ ತಂದು ಕೊಟ್ಟೆ. ಅವರು ಬೇಡ ಬೇಡ ಎಂದರು. "ಇರಲಿ ತಗೋರಿ, ನನಗ ಏನ್ ಮಾಡೂದದ" ಎಂದೆ. ಹರಳು ತೊಳೆಯಲು ಕೂತಾಗ ಜೊತೆಗೂ ಕೂತೆ.

ಯಾರಿಗೂ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ. ಆಮೇಲಿನ ಒಂದು ತಿಂಗಳು ನನಗೆ ಊಟ ರುಚಿಸಿತು, ನಿದ್ದೆ ಬಂತು. ಬೆಳಿಗ್ಗೆ ಎದ್ದು ಮೊದಲು ಬಚ್ಚಲ ಹಿಂದೆ ಹೋಗುತ್ತಿದ್ದೆ. ನನ್ನ ಗಿಡದ ಬುಡದಲ್ಲಿ ಹೊಸ ಬೇರಿನ ಮೊನೆ, ಹಸಿ ಹೆಸರುಕಾಳಿನಷ್ಟು, ಆಮೇಲೆ ಹುಣಸೆಬೀಜದಷ್ಟು, ಆಮೇಲೆ ಬೆರಳಿನ ಗಿಣ್ಣಿನಷ್ಟು. ಅಲ್ಲಿಂದ ಗೋಡೆಯ ಹತ್ತಿರ ಹೋಗಿ ಗದ್ದ ಊರಿ ಅವರದ್ದನ್ನು ನೋಡುತ್ತಿದ್ದೆ. ಹೊಸ ಬಿಳಿ ಕುಂಡ, ಕೆನೆ ಹರಳು. ಕೆಳಗಿನ ಎಲೆ ಹಳದಿ ತಿರುಗಿದ ದಿನ ನನಗೆ ಆದದ್ದನ್ನು ಸಂಕಟ ಎಂದು ಬರೆದರೆ ಸುಳ್ಳಾಗುತ್ತದೆ. ನಾಲಿಗೆಯ ಮೇಲೆ ಬೆಲ್ಲ ಇಟ್ಟುಕೊಂಡಂತೆ ಇತ್ತು.

"ಎಲಿ ಹಳದಿ ಆಗ್ಯಾದ್ರಿ ಅಕ್ಕಾ."

"ಬಿಸಲಿಗಿ ಹಂಗ ಆಗ್ತದ ಭಾಭಿ."

ಹಳದಿಯ ನಡುವೆಯೂ ಆ ಗಿಡ ದಂಟು ಬಿಟ್ಟಿತು. ಹಟ ಮಾಡಿದ ಹಾಗೆ. ಹತ್ತು ಮೊಗ್ಗು ಎಣಿಸಿದೆ. ಮತ್ತೆ ನನ್ನ ನಿದ್ದೆ ಹೋಯಿತು.

ಮೆಹಮಾನರು ಬರಲು ಒಂದು ವಾರವಿದ್ದಾಗ ಭಾಭಿಯ ತಾಯಿಗೆ ಕಾಲು ಊದಿಕೊಂಡಿದೆ ಎಂದು ಸುದ್ದಿ ಬಂತು. ನಾದಿನಿಯನ್ನೂ ಮಗುವನ್ನೂ ಕರೆದುಕೊಂಡು ನಾಲ್ಕು ದಿನಕ್ಕೆ ಚಿಂಚೋಳಿಗೆ ಹೊರಟರು. ಹಿತ್ತಲ ಬಾಗಿಲಿನ ಕೀಲಿಕೈ ನನ್ನ ಕೈಯಲ್ಲಿಟ್ಟರು. "ಕೋಳಿಗಿ ನಮ್ಮನಿಯವರು ಹಾಕ್ತಾರ. ಗಿಡ ಮಾತ್ರ ನಿಮ್ಮ ಕೈಯಾಗ. ಅವರಿಗಿ ಗಿಡ ಯಾವ್ದು ಕಸ ಯಾವ್ದು ತಿಳಿಯಂಗಿಲ್ಲ."

ಮೊದಲ ದಿನ ನೀರು ಹಾಕಿ ಬಂದೆ. ಎರಡನೆಯ ದಿನ ಕೂತು ಹರಳು ಸರಿಸಿ ನೋಡಿದೆ. ಹರಳಿನ ಒಳಗಿದ್ದ ಬೇರುಗಳೆಲ್ಲ ಕಪ್ಪಾಗಿದ್ದವು. ಒಂದು ಮಾತ್ರ ಹರಳಿನಿಂದ ಮೇಲೆ ಎದ್ದು, ಕುಂಡದ ಅಂಚು ದಾಟಿ ಹೊರಗೆ ಗಾಳಿಯಲ್ಲಿ ತೂಗುತ್ತಿತ್ತು. ಅದರ ತುದಿಯಲ್ಲಿ ಒಂದಿಷ್ಟೇ ಹಸಿರು. ಎರಡು ಮೊಗ್ಗು ಉದುರಿ ಹರಳ ಮೇಲೆ ಬಿದ್ದಿದ್ದವು. ನಾನು ಬಯಸಿದ್ದು ಇದನ್ನೇ. ಇಷ್ಟು ಹತ್ತಿರದಿಂದ ನೋಡಬೇಕಾಗುತ್ತದೆಂದು ಎಣಿಸಿರಲಿಲ್ಲ. ಗಿಡ ಸತ್ತರೆ ಯಾರಾದರೂ ಯಾಕೆ ಎಂದು ಕೇಳಿಯಾರು ಎಂಬ ಹೆದರಿಕೆಯೂ ಇತ್ತು. ಯಾವುದು ಎಷ್ಟು ಪಾಲು ಎಂದು ಇವತ್ತಿಗೂ ಹೇಳಲಾರೆ.

ಮೂರನೆಯ ದಿನ ಮಧ್ಯಾಹ್ನ ಅವರ ಹಿತ್ತಲಲ್ಲೇ ಕೂತು ಹರಳು ಸುರಿದೆ. ಮೂಲೆಯಲ್ಲಿ ಬಿದ್ದಿದ್ದ ಆ ಹಳೆಯ ಗಡಿಗೆಯನ್ನೇ ತೊಳೆದು, ಹೊಸ ಇದ್ದಿಲು ತುಂಬಿದೆ. ಗಿಡ ಎತ್ತಿ ಇಡುವಾಗ ಸೆರಗು ದಂಟಿಗೆ ಸಿಕ್ಕಿತು. ಹಸಿ ಬೆಂಡೆಕಾಯಿ ಮುರಿದ ಹಾಗೆ ಸಣ್ಣ ಸದ್ದು. ಎಂಟು ಮೊಗ್ಗಿನ ದಂಟು ನನ್ನ ಮಡಿಲಲ್ಲಿ ಬಿತ್ತು. ಅದನ್ನು ಗಡಿಗೆಯ ಪಕ್ಕದಲ್ಲೇ ಇಟ್ಟು ಬಂದೆ.

ಮಾರನೆಯ ದಿನ ಅವರು ಬಂದರು. ಗೋಡೆಯ ಆಚೆಯಿಂದ ಮೊದಲು ಕೇಳಿದ್ದು ನಾದಿನಿಯ ಕೂಗು: "ಭಾಭಿ, ದಂಟ ಮುರದಾರ! ಹರಳೂ ತಗದಾರ! ಹೊಟ್ಟಿಕಿಚ್ಚಿರಿ ಇದು, ನಾ ಆವತ್ತೇ ಹೇಳಿರಲಿಲ್ಲೇನು, ಆ ಬಾಜೂ ಮನಿ ಬಾಯಿ ದಿನಾ ಗ್ವಾಡಿ ಮ್ಯಾಲ ಗದ್ದ ಇಟ್ಟು ನೋಡ್ತದಂತ?"

"ಚುಪ್! ದೊಡ್ಡೋರಿಗಿ ಹಂಗ ಅನಬಾರದು."

ನಾನು ಗೋಡೆಯ ಹತ್ತಿರ ಹೋದೆ. ಭಾಭಿ ಮುರಿದ ದಂಟನ್ನು ಕೈಯಲ್ಲಿ ಹಿಡಿದಿದ್ದರು. ಬುರ್ಖಾ ಇನ್ನೂ ತೆಗೆದಿರಲಿಲ್ಲ, ಮುಖದ ಮೇಲೆ ಬಸ್ಸಿನ ಧೂಳು.

"ಏನಾಯ್ತ್ರಿ ಅಕ್ಕಾ?"

"ಮೊನ್ನೆ ನಮ್ಮನಿಯವರು ಹೇಳಿದ್ರು ಭಾಭಿ, ಆ ಹರಳು ಸುಣ್ಣದ್ದಂತ, ಬೇರು ಸುಡ್ತದಂತ. ನನಗೂ ಅದಕ್ಕ ಮೊದಲ ಗೊತ್ತಿರಲಿಲ್ಲ. ಗಿಡ ಸಾಯ್ತದಂತ ಗಾಬ್ರಿ ಆಗಿ ಬದಲಿ ಮಾಡಿದೆ. ಕೈ ತಪ್ಪಿ ದಂಟು..."

ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ನಿಜವೆನಿಸಿತು. ಅವರು ನನ್ನ ಮುಖ ನೋಡಿದರು, ಗಡಿಗೆ ನೋಡಿದರು. ಅವರ ಮುಖ ಸಡಿಲವಾಯಿತು. "ಅಯ್ಯ, ಹಂಗಾ! ಹೋಗ್ಲಿ ಬಿಡ್ರಿ ಅಕ್ಕಾ, ಗಿಡ ಉಳೀತಲ್ಲ. ಹೂ ಮುಂದಿನ ವರ್ಷ ಬಂದಾವು." ಬುರ್ಖಾ ತೆಗೆದು ಹಗ್ಗದ ಮೇಲೆ ಹಾಕಿ ನಾದಿನಿಯ ಕಡೆ ತಿರುಗಿ, "ನೋಡ್ದಿ? ಸುಮ್ಮಸುಮ್ಮನ ಮಂದಿಗಿ ಅಂತೀದಿ" ಎಂದರು.

ನಾನು ಒಳಗೆ ಬಂದು ನೀರು ಕುಡಿಯುತ್ತಿದ್ದೆ. ಹಿತ್ತಲ ಬಾಗಿಲು ಸದ್ದಾಯಿತು. ಭಾಭಿ ಒಂದು ಬುಟ್ಟಿ ತುಂಬ ಇದ್ದಿಲು ಸೊಂಟಕ್ಕೇರಿಸಿಕೊಂಡು ಒಳಗೆ ಬಂದಿದ್ದರು. ಮುಖ ಕೂಡ ತೊಳೆದಿರಲಿಲ್ಲ.

"ನಿಮ್ಮ ಗಿಡಾನೂ ಆ ಹರಳಿನಿಂದನೇ ಕೆಟ್ಟದ್ದಲ್ಲೇನ್ರಿ? ಇನ್ನೂ ಜರಾ ಜೀವ ಇದ್ರ ಉಳಿಸೂಣು. ಎಲ್ಲಿ ಇಟ್ಟೀರಿ? ಕೊಡ್ರಿ, ನಾ ಹಾಕ್ತೀನಿ."

"ಬ್ಯಾಡ ಭಾಭಿ, ನಾಳೆ..."

"ನಾಳೆ ಯಾಕ್ರಿ, ಈಗ್ಲೇ" ಎನ್ನುತ್ತ ಕೂತು ಕೆಲಸ ಮಾಡಲು ನೆರಳಿನ ಜಾಗ ಹುಡುಕಿಕೊಂಡು ಬಚ್ಚಲ ಹಿಂದಕ್ಕೆ ನಡೆದೇಬಿಟ್ಟರು. ನಾನು ಹಿಂದೆ ಹೋದೆ. ಓಡಿಹೋಗಿ ಅಡ್ಡ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ಅವರು ನನ್ನ ಬಿದಿರು ಬುಟ್ಟಿಯ ಮುಂದೆ ನಿಂತಿದ್ದರು. ಇದ್ದಿಲನ್ನು ತಬ್ಬಿಕೊಂಡು ನಾಲ್ಕು ಹೊಸ ಬೇರುಗಳು ಇಳಿದಿದ್ದವು, ಬೂದು ಬಣ್ಣಕ್ಕೆ ತಿರುಗಿ, ತುದಿ ಎಳೆ ಹಸಿರು. ಭಾಭಿ ಇದ್ದಿಲ ಬುಟ್ಟಿಯನ್ನು ಕೆಳಗಿಟ್ಟರು. ಒಂದು ಬೇರಿನ ಪಕ್ಕ ತಮ್ಮ ಕೈ ಹಿಡಿದು, ಒಂದು, ಎರಡು, ಮೂರು, ನಾಲ್ಕು ಬೆರಳು ಹಚ್ಚಿ ಅಳೆದರು. ತಮ್ಮ ಗಡಿಗೆಯಲ್ಲಿ ಬೇರು ವಾರಕ್ಕೆ ಎಷ್ಟು ಇಳಿಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಓದಲು ಅವರಿಗೆ ನಾನು ಬೇಕಾಗಿರಲಿಲ್ಲ.

"ಇದು ಮೊನ್ನಿಂದು ಅಲ್ಲ" ಎಂದರು. "ಎರಡು ತಿಂಗಳ ಬೇರು ಅದ."

ನನ್ನ ಕಡೆ ತಿರುಗಿದರು.

"ಹರಳು ಕೊಟ್ಟ ದಿನ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನಾ ಕೇಳೀನಿ. ಗಿಡಕ್ಕ ಏನಾರ ಆಗ್ತದೇನಂತ ಬಾಯಿ ಬಿಟ್ಟು ಕೇಳೀನಿ."

"ಕೇಳೀರಿ ಭಾಭಿ. ನಿಮ್ಮ ಹೂ ನೋಡಿ ನನಗ ತಡೀಲಿಕ್ಕ ಆಗಲಿಲ್ಲ." ಅದೊಂದೇ ನಿಜ ಹೇಳಿದೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ಎಷ್ಟು ಸಲೀಸಾಗಿ ಸಾರಿ ಹೇಳುತ್ತಿದ್ದೆವು.

ಅವರು ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ನಾ ಹೋಗ್ತೀನ್ರಿ ಬಾಯೋರೆ, ಮನ್ಯಾಗ ಕೆಲಸ ಅದ" ಎಂದರು. ಬಾಯೋರೆ ಎಂದು ನನ್ನನ್ನು ಕಸಬರಿಗೆ ಮಾರುವವರು, ಹಾಲಿನವರು ಕರೆಯುತ್ತಿದ್ದರು. ಇದ್ದಿಲ ಬುಟ್ಟಿ ಅಲ್ಲೇ ಉಳಿಯಿತು. ಸಂಜೆ ಅದನ್ನು ಗೋಡೆಯ ಮೇಲಿಟ್ಟೆ. ಬೆಳಿಗ್ಗೆ ನೋಡಿದಾಗ ಇರಲಿಲ್ಲ.

ಮೆಹಮಾನರು ಬಂದರು, ಹುಡುಗಿಯನ್ನು ಒಪ್ಪಿದರು. ಬಾಗಿಲಿನಲ್ಲಿ ಹೂವಿನ ಗಿಡವಿರಲಿಲ್ಲವೆಂದು ಯಾರೂ ಗಮನಿಸಿರಲಿಕ್ಕಿಲ್ಲ. ಕಾಲೊನಿಯ ಎಲ್ಲ ಮನೆಗಳಿಗೂ ಹಂಚಿದ ಪೇಢೆ ನಮ್ಮ ಮನೆಗೂ ಬಂತು, ಅವರ ಯಜಮಾನರ ಕೈಯಲ್ಲಿ. ನಮ್ಮವರು ತಿನ್ನುತ್ತ "ಈ ಸಲ ಭಾಭಿ ಬರಲಿಲ್ಲಲ್ಲ" ಎಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಪೇಢೆಯ ಕಾಗದವನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದರು. "ನಾ ಬೇಕಂದ್ರ ಅವರ ಯಜಮಾನ್ರಿಗಿ ಮಾತಾಡ್ಲೇನು?" ಎಂದು ಕೇಳಿದರು. ಬೇಡ ಎಂದೆ. ಔಷಧಿ ಬಾಟಲಿ ಓದಿಸಿಕೊಳ್ಳಲು ಭಾಭಿ ಆಮೇಲೆ ಎದುರು ಸಾಲಿನ ಕ್ಲಾರ್ಕ್ ಹೆಂಡತಿಯ ಹತ್ತಿರ ಹೋಗುತ್ತಿದ್ದರು. ಆ ದನಿ ನಮ್ಮ ಮನೆ ದಾಟಿ ಹೋಗುವುದು ಕೇಳಿಸುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ನನ್ನ ಗಿಡ ಮೊದಲ ಸಲ ಹೂ ಬಿಟ್ಟಿತು. ನಾಲ್ಕು ಹೂವು. ಬಚ್ಚಲ ಹಿಂದೆ ಒಬ್ಬಳೇ ನಿಂತು ನೋಡಿದೆ. ಸಂತೋಷವಾಯಿತು, ಸುಳ್ಳು ಯಾಕೆ. ಎರಡು ದಿನ ಬಿಟ್ಟು ಗಾಳಿಯಲ್ಲಿ ಪರಿಮಳ ಜಾಸ್ತಿಯಾದಂತೆ ಅನಿಸಿತು. ಗೋಡೆಯ ಹತ್ತಿರ ಹೋದೆ. ಬೇವಿನ ಟೊಂಗೆಗೆ ತೂಗಿದ ಗಡಿಗೆಯಿಂದ ದಂಟೊಂದು ಬಾಗಿ ಹೊರಬಂದಿತ್ತು. ಆ ಗಿಡ ಬದುಕಿತು ಎಂದು ನನ್ನ ಎದೆ ಹಗುರಾಗಬೇಕಿತ್ತು. ಹಗುರಾಯಿತು ಕೂಡ, ಆದರೆ ಎರಡನೆಯದಾಗಿ. ಮೊದಲು ನಾನು ಎಣಿಸಿದೆ. ತುಟಿ ಅಲುಗಿಸುತ್ತ, ಒಂದೊಂದಾಗಿ.

ನೀರಿನ ತೊಟ್ಟಿಯ ಹಿಂದೆ ಬಟ್ಟೆ ಒಗೆಯುತ್ತಿದ್ದ ಭಾಭಿ ಎದ್ದು ನಿಂತದ್ದು ಆಗಲೇ ಕಂಡಿತು. ಮೊಣಕೈವರೆಗೆ ಸಾಬೂನಿನ ನೊರೆ.

"ಎಷ್ಟಾದವು ಬಾಯೋರೆ?"

ಗೋಡೆಯಿಂದ ಗದ್ದ ತೆಗೆದೆ. "ಹನ್ನೊಂದು" ಎಂದೆ.

"ಹನ್ನೆರಡ ಅವ. ಎಲಿ ಹಿಂದ ಒಂದದ." ನಗಲಿಲ್ಲ. ಒದ್ದೆ ಕೈಯಿಂದಲೇ ಗಡಿಗೆಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು. "ಎಣಸೂದಾದ್ರ ಬರೋಬರಿ ಎಣಸ್ರಿ."

ಮತ್ತೆ ಮೊದಲಿನಿಂದ ಎಣಿಸಿದೆ. ಎಣಿಸಿ ಮುಗಿಯುವವರೆಗೂ ಅವರು ಗಡಿಗೆ ಹಿಡಿದೇ ನಿಂತಿದ್ದರು. ಹನ್ನೆರಡೇ ಇದ್ದವು.